ಹಳೇ ಲೆಗೊ, ಹೊಸ ಲೆಗೊ ಬೆರೆಸಿ ಮಂಕಿ ಟಾಪ್ ಬಂಗಲೆ ಕಟ್ಟಬಹುದಾ?

ಕೆಂಪುಹೆಂಚು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರತ್ತೆ ಮನೆ ಅಟ್ಟದಲ್ಲಿದ್ದ ಒಂದು ಟ್ರಂಕು ಈಗ ನನ್ನ ಪಾಲಿಗೆ ಬಂದಿದೆ. ಒಳಗೆ ಹಳೇ ಲೆಗೊ. ಮಾವ 60ರ ದಶಕದಲ್ಲಿ ಜರ್ಮನಿಯಲ್ಲಿ ಕೆಲಸದಲ್ಲಿದ್ದರು, ವಾಪಸ್ ಬರುವಾಗ ಮಕ್ಕಳಿಗೆ ತಂದದ್ದು. ಕೆಂಪು, ಬಿಳಿ ಜಾಸ್ತಿ. ನೀಲಿ, ಹಳದಿ, ಕಪ್ಪು ಸ್ವಲ್ಪ ಸ್ವಲ್ಪ. ಗಾಜಿನ ಥರದವೂ ಒಂದಷ್ಟು. ಜೊತೆಗೆ ಪುಟ್ಟ ಪುಟ್ಟ ಕಿಟಕಿಗಳು, ಬಾಗಿಲು, ಛಾವಣಿಯ ಇಳಿಜಾರು ಬ್ರಿಕ್‌ಗಳು.

ಕೆಂಪು, ಬಿಳಿ ನೋಡಿದ ತಕ್ಷಣ ನನಗೆ ಹೊಳೆದದ್ದು ದಂಡು ಪ್ರದೇಶದ ಹಳೇ ಬಂಗಲೆಗಳು. ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್ ಕಡೆ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ ಅಲ್ವಾ? ಒಂದೇ ಅಂತಸ್ತು, ಮಂಗಳೂರು ಹೆಂಚು, ಮುಂದೆ ಪೋರ್ಟಿಕೊ, ಕಿಟಕಿ ಮೇಲೆ ಮರದ ಪಟ್ಟಿಗಳ ಮಂಕಿ ಟಾಪ್. ಅಂಥದ್ದೊಂದು ಕಟ್ಟಬೇಕು.

ನನ್ನ ಹತ್ತಿರ ಹೊಸ ಬ್ರಿಕ್‌ಗಳೂ ಇವೆ, ಹೆಚ್ಚಿನವು ಮಾಡ್ಯುಲರ್ ಬಿಲ್ಡಿಂಗ್ ಸೆಟ್‌ಗಳಿಂದ ಬಂದವು. ಎರಡನ್ನೂ ಬೆರೆಸಬಹುದಾ? ಹಳೇ ಕೆಂಪಿನಲ್ಲೇ ಒಂದೊಂದು ಒಂದೊಂದು ಥರ ಕಾಣ್ತಿದೆ. ಇನ್ನು ಮಂಕಿ ಟಾಪ್ ಪಟ್ಟಿಗಳನ್ನು ಯಾವುದರಲ್ಲಿ ಮಾಡೋದು?

ಹಳೇಪೆಟ್ಟಿಗೆ, ಮೈಸೂರು

ದಯವಿಟ್ಟು ಈಗಲೇ ತೊಳೆಯೋಕೆ ಹೋಗಬೇಡಿ. ಮೊದಲು ವಿಂಗಡಿಸಿ.

ಬ್ರಿಕ್ ತಿರುಗಿಸಿ ತಳ ನೋಡಿ. ಒಳಗೆ ಕೊಳವೆ ಇದ್ದರೆ 1958ರ ನಂತರದ್ದು. ಕೊಳವೆ ಇರುವ ಬ್ರಿಕ್‌ಗೆ ಡೆನ್ಮಾರ್ಕಿನಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ಕ್ಕೆ. ಒಳಗೆ ಬರೀ ಟೊಳ್ಳಾಗಿದ್ದರೆ ಅದಕ್ಕಿಂತ ಹಿಂದಿನದು. ಟೊಳ್ಳು ಬ್ರಿಕ್‌ನ ತುದಿಯಲ್ಲಿ ಒಂದು ಸೀಳು ಇದ್ದರೆ ಇನ್ನೂ ಹಳೇದು. ಕಿಟಕಿ, ಬಾಗಿಲುಗಳನ್ನು ಆ ಸೀಳಿಗೆ ಸಿಕ್ಕಿಸುತ್ತಿದ್ದರು. 1949ರಲ್ಲಿ ಶುರುವಾದ ಮಾದರಿ ಅದು. ಅದೂ ಲೆಗೊದವರ ಸ್ವಂತ ಕಲ್ಪನೆಯೇನಲ್ಲ. ಇಂಗ್ಲೆಂಡಿನ ಹಿಲರಿ ಫಿಷರ್ ಪೇಜ್ ಅವರ ಕಿಡ್ಡಿಕ್ರಾಫ್ಟ್ ಬ್ರಿಕ್ ನೋಡಿ ಮಾಡಿದ್ದು.

ಆಮೇಲೆ ಪ್ಲಾಸ್ಟಿಕ್. 1963ರ ಸುಮಾರಿಗೆ ಸೆಲ್ಯುಲೋಸ್ ಅಸಿಟೇಟ್ ಬಿಟ್ಟು ಎಬಿಎಸ್ ಅನ್ನೋ ಪ್ಲಾಸ್ಟಿಕ್‌ಗೆ ಬಂದರು. ನಿಮ್ಮ ಟ್ರಂಕಿನಲ್ಲಿ ಎರಡೂ ಇರುವ ಸಾಧ್ಯತೆ ಇದೆ, ಬಣ್ಣ ಬೇರೆ ಬೇರೆ ಕಾಣೋದಕ್ಕೆ ಅದೂ ಕಾರಣ ಇರಬಹುದು. ಅಸಿಟೇಟ್ ಬ್ರಿಕ್ ವರ್ಷ ಕಳೆದಂತೆ ಸೊಟ್ಟಗಾಗುತ್ತದೆ. ಪತ್ತೆ ಮಾಡೋದು ಸುಲಭ. ಗಾಜಿನ ಮೇಜಿನ ಮೇಲಿಟ್ಟು ಒಂದು ಮೂಲೆ ಒತ್ತಿ. ಟಕ್ ಅಂತ ಅಲ್ಲಾಡಿದರೆ ಅದನ್ನು ಪಕ್ಕಕ್ಕಿಡಿ.

ಬೆರೆಸೋದು ನನಗಂತೂ ಒಪ್ಪಿಗೆ ಇಲ್ಲ. ಹಳೇದನ್ನು ಹಳೇದರ ಜೊತೆಗೇ ಕಟ್ಟಬೇಕು. ಅಷ್ಟು ವರ್ಷ ಜೊತೆಗಿದ್ದ ಬ್ರಿಕ್‌ಗಳನ್ನು ಹೊಸ ಸೆಟ್‌ನ ರಾಶಿಗೆ ಸುರಿದುಬಿಟ್ಟರೆ ಮತ್ತೆ ಬೇರೆ ಮಾಡೋಕಾಗಲ್ಲ.

ಅಳತೆಪಟ್ಟಿ, ಧಾರವಾಡ

ಹಳೇಪೆಟ್ಟಿಗೆ ಸರ್, ವಿಂಗಡಿಸೋ ತನಕ ನಿಮ್ಮ ಮಾತು ಸರಿ. ಆಮೇಲಿನದಕ್ಕೆ ನನ್ನ ತಕರಾರಿದೆ. ಬ್ರಿಕ್ ಮಾಡಿದ್ದೇ ಕಟ್ಟೋಕೆ. 1958ರ ಬ್ರಿಕ್ ಇವತ್ತಿನ ಬ್ರಿಕ್ ಮೇಲೆ ಕೂರುತ್ತದೆ ಅನ್ನೋದೇ ಈ ಆಟಿಕೆಯ ದೊಡ್ಡಸ್ತಿಕೆ. ಕೂರುತ್ತದೆ ಅಂದಮೇಲೆ ಕೂರಿಸಿ ನೋಡೋಣ.

ಕೆಂಪುಹೆಂಚು ಅವರೇ, ಬಣ್ಣಕ್ಕಿಂತ ಮೊದಲು ಅಳತೆ ತೀರ್ಮಾನ ಮಾಡಿಕೊಳ್ಳಿ. ನಾನು ಆರ್ಕಿಟೆಕ್ಟ್, ಕೆಲಸದಲ್ಲಿ ಥರ್ಮಾಕೋಲ್, ಮೌಂಟ್‌ಬೋರ್ಡ್ ಮಾಡೆಲ್ ಮಾಡಿ ಮಾಡಿ ಬೇಜಾರಾಗಿ ಇದಕ್ಕೆ ಬಿದ್ದವಳು. ಗೊಂಬೆ ಮನುಷ್ಯರನ್ನು ನಿಲ್ಲಿಸೋ ಆಸೆ ಇದ್ದರೆ 1:40 ಹಿಡಿಯಿರಿ. ಒಂದು ಸ್ಟಡ್ಡಿನಿಂದ (ಬ್ರಿಕ್ ಮೇಲಿನ ಗುಬುಟು) ಇನ್ನೊಂದಕ್ಕೆ 8 ಮಿಮೀ, ಅಂದರೆ ನಿಜದಲ್ಲಿ 32 ಸೆಂಮೀ. ಒಂದು ಬ್ರಿಕ್ ಎತ್ತರ 9.6 ಮಿಮೀ, ಅಂದರೆ 38 ಸೆಂಮೀ ಚಿಲ್ಲರೆ. ಹಳೇ ಬಂಗಲೆಯ ಗೋಡೆ 14 ಅಡಿ ಅಂತ ಇಟ್ಟುಕೊಂಡರೆ 11 ಬ್ರಿಕ್ ಬರುತ್ತದೆ. ಇದರಲ್ಲಿ ರಾಜಿ ಬೇಡ. ಎಷ್ಟೋ ಜನ 6 ಬ್ರಿಕ್‌ಗೆ ಗೋಡೆ ನಿಲ್ಲಿಸಿ ಛಾವಣಿ ಹೊದಿಸಿಬಿಡುತ್ತಾರೆ, ಆಗ ಅದು ಬಂಗಲೆ ಆಗಲ್ಲ, ವಾಚ್‌ಮನ್ ಶೆಡ್ ಆಗುತ್ತದೆ. 60 ಅಡಿ ಮುಂಭಾಗ ಅಂದರೆ 57 ಸ್ಟಡ್. 32ರ ಬೇಸ್‌ಪ್ಲೇಟ್ ಎರಡು ಪಕ್ಕಪಕ್ಕ ಹಾಕಿದರೆ ಎರಡೂ ಕಡೆ ಗಿಡ ಇಡೋಕೂ ಜಾಗ ಉಳಿಯುತ್ತದೆ.

ಟ್ರಂಕಿನ ಕಿಟಕಿಗಳು ಎರಡು ಬ್ರಿಕ್ ಎತ್ತರದವು ತಾನೇ? ಈ ಅಳತೆಗೆ ಅವು ಎರಡೂವರೆ ಅಡಿ ಆಗುತ್ತವೆ. ಮುಂದಿನ ಕಿಟಕಿಗೆ ಸಾಲಲ್ಲ. ಆದರೆ ಅಂಥ ಮನೆಗಳಲ್ಲಿ ಸೂರಿನ ಹತ್ತಿರ ವೆಂಟಿಲೇಟರ್ ಇರುತ್ತಲ್ಲ, ಅಲ್ಲಿಗೆ ಹೇಳಿ ಮಾಡಿಸಿದ ಹಾಗಿವೆ. ಹಿಂದಿನ ಔಟ್‌ಹೌಸಿಗೂ ಆಗುತ್ತವೆ. ಮುಂದಿನ ದೊಡ್ಡ ಕಿಟಕಿಗೆ ಹೊಸ ಬ್ರಿಕ್‌ನದ್ದೇ ಬೇಕು.

ಒಂದು ವಿಷಯ ಗೊತ್ತಾ? ಲೆಗೊ ಯಜಮಾನ ಗಾಟ್‌ಫ್ರೆಡ್ ಕಿರ್ಕ್ ಕ್ರಿಸ್ಟಿಯನ್‌ಸನ್ ತಮ್ಮ ಸ್ವಂತ ಮನೆಯ ಮಾದರಿ ಮಾಡೋಕೆ ಹೋದಾಗ ಈ 8 ಮತ್ತು 9.6ರ ಲೆಕ್ಕವೇ ಕಾಟ ಕೊಟ್ಟಿತ್ತಂತೆ. ಅದರಿಂದ 1963ರಲ್ಲಿ ಮಾಡ್ಯುಲೆಕ್ಸ್ ಅಂತ 5 ಮಿಮೀ ಲೆಕ್ಕದ ಬೇರೆ ಬ್ರಿಕ್ ಬಂತು, ನಮ್ಮಂಥ ನಕ್ಷೆ ಬರೆಯುವವರಿಗಾಗಿ. ಮಾಮೂಲಿ ಲೆಗೊಗೆ ಅದು ಕೂರಲ್ಲ.

ಕಡಲಮಗ, ಸುರತ್ಕಲ್

ಎಲ್ಲ ಗೋಡೆ ಗೋಡೆ ಅಂತೀರಿ, ಮಾಡಿನ ಬಗ್ಗೆ ಯಾರೂ ಕೇಳಲ್ಲ ಮಾರಾಯ್ರೆ!

ಹೆಂಚಿನ ಊರಿನವನು ಹೇಳ್ತೇನೆ ಕೇಳಿ. ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಹೆಂಚು ಎಲ್ಲೆಲ್ಲಿಗೋ ಹೋಯಿತು. ಬೆಂಗಳೂರಿನ ಆ ಬಂಗಲೆಗಳ ತಲೆ ಮೇಲೂ ಅದೇ. ಆ ಮಾಡಿನ ಇಳಿಜಾರು ತಪ್ಪಿದರೆ ಮನೆಯೇ ತಪ್ಪುತ್ತದೆ. ಲೆಗೊದಲ್ಲಿ ಹಳೇ ಇಳಿಜಾರು ಬ್ರಿಕ್ 45 ಡಿಗ್ರಿಯದ್ದು. ಅದನ್ನೇ ಇಡೀ ಮಾಡಿಗೆ ಹಾಕಿದರೆ ಹಿಮ ಬೀಳುವ ಊರಿನ ಮನೆ ಆಗುತ್ತದೆ. ನಮ್ಮ ಕಣ್ಣಿಗೆ ಒಗ್ಗುವುದು 33 ಡಿಗ್ರಿಯದ್ದು, ಒಂದು ಬ್ರಿಕ್ ಏರೋಕೆ ಎರಡು ಸ್ಟಡ್ ಹಿಂದೆ ಸರಿಯುವಂಥದ್ದು. ದೊಡ್ಡ ಮಾಡಿಗೆ 33 ಹಾಕಿ. ಪೋರ್ಟಿಕೊ ಮೇಲಿನ ಚೂಪು ಮುಖಕ್ಕೆ ಮಾತ್ರ ಟ್ರಂಕಿನ 45 ಇರಲಿ.

ಇನ್ನೊಂದು. ಇಳಿಜಾರಿನ ಮೇಲ್ಮೈ ನಯ ಇರಲ್ಲ, ತರಿ ತರಿ ಇರುತ್ತದೆ. ಬೆಳಕು ಬಿದ್ದಾಗ ಅದೇ ಚಂದ. ಅದರ ಮೇಲೆ ಸ್ಟಡ್ ಇಲ್ಲದ ನಯವಾದ ಟೈಲ್ ಪೀಸ್ ಹಚ್ಚಬೇಡಿ. ಒಂದೊಂದು ಹೆಂಚೂ ಬೇರೆ ಬೇರೆ ಕಾಣಬೇಕು ಅಂದರೆ ಚೀಸ್ ಸ್ಲೋಪ್ ಅನ್ನೋ ಪುಟ್ಟ ಇಳಿಜಾರು ಪೀಸ್ ಸಾಲು ಸಾಲು ಕೂರಿಸಬಹುದು, ಆದರೆ ಅಷ್ಟು ದೊಡ್ಡ ಮಾಡಿಗೆ ಸಾವಿರಗಟ್ಟಲೆ ಬೇಕು. ಪೋರ್ಟಿಕೊಗೆ ಮಾತ್ರ ಮಾಡಿ ನೋಡಿ. ನಡುವೆ ಒಂದೆರಡು ಪಾರದರ್ಶಕದ್ದು ಹಾಕಿದರೆ ಗಾಜಿನ ಹೆಂಚು ರೆಡಿ.

ಗುಬುಟು, ಸನಿವೇಲ್

ಮಂಕಿ ಟಾಪ್ ಕಥೆಗೆ ನಾನು ಬರ್ತೀನಿ. ನಾನು ಹುಟ್ಟಿ ಬೆಳೆದದ್ದು ಮಲ್ಲೇಶ್ವರಂ. 1898ರ ಪ್ಲೇಗ್ ಆದಮೇಲೆ ಬೆಳೆದ ಬಡಾವಣೆ, ಅಲ್ಲೂ ಬಸವನಗುಡಿಯಲ್ಲೂ ಮಂಕಿ ಟಾಪ್ ಇದ್ದವು. ದಂಡಿನವರಿಗೆ ಮಾತ್ರ ಬರೆದುಕೊಡಬೇಡಿ!

ಕಿಟಕಿ ಮೇಲಿಂದ ಮುಂದಕ್ಕೆ ಚಾಚಿದ ಚೂಪು ಮುಚ್ಚಿಗೆ ಅದು. ಮರದ ಸಣ್ಣ ಪಟ್ಟಿಗಳು ಉದ್ದಕ್ಕೆ ಒತ್ತೊತ್ತಾಗಿ ಇಳಿದಿರುತ್ತವೆ, ಕೆಳ ಅಂಚು ಹಲ್ಲು ಹಲ್ಲಾಗಿ ಇರುತ್ತದೆ. ಬೇಲಿ ಪೀಸ್ ಹಾಕಿದರೆ ಬೇಲಿ ಥರಾನೇ ಕಾಣುತ್ತದೆ, ಅಡ್ಡ ಪಟ್ಟಿ ಕೆಡಿಸುತ್ತದೆ. ಅದರ ಬದಲು 1x2 ಗ್ರಿಲ್ ಟೈಲ್ ಹಾಕಿ. ಅದರ ಗೀರುಗಳು ಉದ್ದಕ್ಕೇ ಇರೋದರಿಂದ ನಿಲ್ಲಿಸಿದರೆ ಮರದ ಪಟ್ಟಿ ಥರಾನೇ ಕಾಣುತ್ತದೆ. ಬಿಳಿ ಆಗಬಹುದು, ಹಸಿರಾದರೆ ಇನ್ನೂ ಚೆನ್ನ.

ಅದನ್ನು ನಿಲ್ಲಿಸೋಕೆ ಸ್ಟಡ್ ಮೇಲಕ್ಕಲ್ಲ, ಮುಂದಕ್ಕೆ ಮುಖ ಮಾಡಿರಬೇಕು. ಪಕ್ಕದಲ್ಲಿ ಸ್ಟಡ್ ಇರುವ ಬ್ರಿಕ್ ಅಥವಾ ಬ್ರ್ಯಾಕೆಟ್ ಬಳಸಿ ಒಂದು ಪ್ಲೇಟನ್ನು (ತೆಳು ಬ್ರಿಕ್) ಅಡ್ಡ ಹಿಡಿಸಿ. ಇಲ್ಲೊಂದು ಲೆಕ್ಕ ಕೈಯಲ್ಲಿರಲಿ: ಒಂದು ಪ್ಲೇಟ್ ದಪ್ಪ 3.2 ಮಿಮೀ, ಐದು ಪ್ಲೇಟ್ ಸೇರಿದರೆ 16 ಮಿಮೀ, ಅದು ಸರಿಯಾಗಿ ಎರಡು ಸ್ಟಡ್. ಹೀಗೆ ಅಡ್ಡ ಕಟ್ಟಿದ್ದನ್ನು ನೆಟ್ಟಗಿನ ಗೋಡೆಗೆ ಸಂದು ಬಿಡದೆ ಸೇರಿಸೋಕೆ ಈ ಐದಕ್ಕೆ ಎರಡು ಒಂದೇ ಸೂತ್ರ.

ಚೂಪು ಆಕಾರಕ್ಕೆ ನಡುವಿನ ಸಾಲು ಎತ್ತರಕ್ಕೆ, ಆಚೀಚೆ ಒಂದೊಂದು ಸಾಲು ಕೆಳಕ್ಕೆ. ಪೂರಾ ಒಂದು ಸ್ಟಡ್ ಇಳಿಸಿದರೆ ಮೆಟ್ಟಿಲು ಥರ ಕಾಣುತ್ತದೆ. ನಡುವೆ ಒಂದೇ ಸ್ಟಡ್ ಇರುವ ಜಂಪರ್ ಪ್ಲೇಟ್ ಹಾಕಿ ಅರ್ಧ ಸ್ಟಡ್ ಇಳಿಸಿ, ಆಗ ಕಣ್ಣಿಗೆ ಓರೆ ಗೆರೆಯೇ ಕಾಣುತ್ತದೆ. ಕೆಳ ಅಂಚಿನ ಹಲ್ಲಿಗೆ 1x1 ಪ್ಲೇಟ್‌ನ ಬದಿಯಿಂದ ಹಲ್ಲು ಚಾಚಿರುತ್ತದಲ್ಲ, ಆ ಪೀಸ್. ಡ್ರ್ಯಾಗನ್, ಮೊಸಳೆ ಮಾಡುವವರು ಹಲ್ಲಿಗೆ ಬಳಸೋ ಅದೇ.

ಈ ಯಾವ ಪೀಸನ್ನೂ ನಿಮ್ಮ ಮಾವನ ಟ್ರಂಕಿನಲ್ಲಿ ಹುಡುಕಬೇಡಿ. ಪಕ್ಕದಲ್ಲಿ ಸ್ಟಡ್ ಇರುವ ಬ್ರಿಕ್‌ಗಳೆಲ್ಲ ಬಹಳ ಆಮೇಲೆ ಬಂದವು. 60ರ ಟ್ರಂಕಿನಿಂದ ಮಂಕಿ ಟಾಪ್ ಆಗಲ್ಲ. ಗೋಡೆ ಆಗುತ್ತದೆ.

ಹಳೇಪೆಟ್ಟಿಗೆ, ಮೈಸೂರು

ಅದನ್ನೇ ನಾನೂ ಹೇಳ್ತಿರೋದು. ಗೋಡೆ ಮಾಡಿ, ಪುಟ್ಟ ಕಿಟಕಿ ಇಡಿ, 45ರ ಛಾವಣಿ ಹಾಕಿ. 60ರ ದಶಕದ ಮಗು ಹೇಗೆ ಕಟ್ಟುತ್ತಿತ್ತೋ ಹಾಗೆ. ಅದಕ್ಕೊಂದು ಘನತೆ ಇದೆ. ಜಂಪರ್, ಗ್ರಿಲ್, ಮೊಸಳೆ ಹಲ್ಲು ಎಲ್ಲ ತುರುಕಿ ಅದನ್ನು ಬೇರೆ ಏನೋ ಮಾಡೋದು ಯಾಕೆ?

ಅಳತೆಪಟ್ಟಿ, ಧಾರವಾಡ

ಯಾಕಂದ್ರೆ ಅವರು ಕಟ್ಟಬೇಕು ಅಂದಿರೋದು ಮಂಕಿ ಟಾಪ್ ಬಂಗಲೆ ಸರ್, 60ರ ಮಗುವಿನ ಮನೆ ಅಲ್ಲ 🙂

ಹಿಟ್ಟಿನಗಿರಣಿ, ತುಮಕೂರು

ಸುಮ್ನೆ ಓದ್ತಾ ಇದ್ದೆ, ಒಂದು ಕೇಳ್ತೀನಿ. ಮಗಳಿಗೆ ತಂದ ಬೇರೆ ಕಂಪನಿ ಬ್ರಿಕ್‌ಗಳು ಮನೆಯಲ್ಲಿ ಬೇಕಾದಷ್ಟಿವೆ. ಒಳಗಡೆ ಕಾಣದ ಜಾಗಕ್ಕೆ ಅವನ್ನು ತುಂಬಿಸಬಹುದಾ?

ಗುಬುಟು, ಸನಿವೇಲ್

ಛಾವಣಿ ಕೆಳಗೆ, ಮಣ್ಣಿನ ದಿಬ್ಬದೊಳಗೆ ಧಾರಾಳವಾಗಿ. ಆದರೆ ಎರಡು ಗೋಡೆ ಸೇರುವ ಮೂಲೆಗೆ ಬೇಡ. ಕೆಲವು ಬಿಗಿ, ಕೆಲವು ಸಡಿಲ. ಒಂದು ಸಾಲಿಗೆ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ 11ನೇ ಸಾಲಿಗೆ ಛಾವಣಿ ಕೂರೋದೇ ಇಲ್ಲ.

ಕನ್ನಡತಿ, ಜೇನಾ

ನಾನಿರೋದು ಜರ್ಮನಿಯ ಥುರಿಂಗಿಯಾದಲ್ಲಿ. ಇಲ್ಲಿಂದ ಸ್ವಲ್ಪ ದೂರಕ್ಕೆ ರೂಡೊಲ್‌ಸ್ಟಾಟ್ ಅಂತ ಊರು. ಲೆಗೊ ಹುಟ್ಟೋಕೆ ಎಷ್ಟೋ ಮುಂಚೆ, 1880ರ ದಶಕದಿಂದ ಅಲ್ಲಿ ಆಂಕರ್ ಅನ್ನೋ ಕಟ್ಟುವ ಆಟದ ಕಲ್ಲಿನ ಪೆಟ್ಟಿಗೆಗಳು ತಯಾರಾಗುತ್ತಿದ್ದವು. ಮರಳು, ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ ಕಲಸಿ ಅಚ್ಚಿಗೆ ಒತ್ತಿದ ಪುಟ್ಟ ಕಲ್ಲುಗಳು. ಈ ಹದ ಕಂಡುಹಿಡಿದವರು ಲಿಲಿಯಂಥಾಲ್ ಸೋದರರು, ಅವರಲ್ಲಿ ಒಬ್ಬರಾದ ಒಟ್ಟೊ ಆಮೇಲೆ ಗ್ಲೈಡರ್ ಹಾರಿಸಿ ಹೆಸರಾದವರು. ವ್ಯಾಪಾರ ಮಾಡಿ ದುಡ್ಡು ಕಂಡದ್ದು ರಿಕ್ಟರ್ ಅನ್ನುವ ಉದ್ಯಮಿ.

ಬಣ್ಣ ಮೂರೇ. ಇಟ್ಟಿಗೆಗೆ ಕೆಂಪು, ಮರಳುಗಲ್ಲಿಗೆ ತಿಳಿ ಹಳದಿ, ಛಾವಣಿ ಕಲ್ಲಿಗೆ ನೀಲಿ. ಸ್ಟಡ್ ಇಲ್ಲ, ಅಂಟಿಲ್ಲ, ಕಲ್ಲಿನ ಭಾರದ ಮೇಲೇ ನಿಲ್ಲಬೇಕು. ಒಂದು ಪ್ರದರ್ಶನದಲ್ಲಿ ಕೈಗೆತ್ತಿಕೊಂಡು ನೋಡಿದ್ದೀನಿ. ಅಂಗೈಗೆ ತಣ್ಣಗೆ ಹತ್ತುತ್ತದೆ, ಗಾತ್ರಕ್ಕೆ ಮೀರಿ ತೂಕ. ಕಮಾನು ಕಟ್ಟೋ ರೀತಿ ಮಾತ್ರ ಲೆಗೊಗೆ ಇವತ್ತಿಗೂ ಬಂದಿಲ್ಲ. ಕಾರ್ಖಾನೆ 1963ರಲ್ಲಿ ಮುಚ್ಚಿತ್ತು, 1995ರಿಂದ ಮತ್ತೆ ಮಾಡ್ತಿದ್ದಾರೆ.

ಇದನ್ನು ಯಾಕೆ ಹೇಳಿದೆ ಅಂದರೆ, ಪೋರ್ಟಿಕೊಗೆ ಕಮಾನು ಬೇಕಲ್ಲ? ಲೆಗೊ ಕಮಾನು ಬ್ರಿಕ್ ಒಂದೇ ಇಟ್ಟರೆ ಕತ್ತರಿಸಿದ ತೂತಿನ ಥರ ಕಾಣುತ್ತದೆ. ಆಂಕರ್ ಮನೆಗಳಲ್ಲಿ ಕಮಾನು ಒಂದು ಬಣ್ಣ, ಅದರ ಸುತ್ತಲಿನ ಗೋಡೆ ಇನ್ನೊಂದು. ನೀವೂ ಕಮಾನು ಬಿಳಿಯದ್ದು ಇಟ್ಟು ಅದರ ಮೇಲೆ ಒಂದು ಪ್ಲೇಟ್ ಸಾಲು ಮುಂದಕ್ಕೆ ತನ್ನಿ. ನೆರಳು ಬಿದ್ದು ಗಾರೆ ಕೆಲಸದ ಅಂಚಿನ ಹಾಗೆ ಕಾಣುತ್ತದೆ.

ಕಡಲಮಗ, ಸುರತ್ಕಲ್

ಹಳೇ ಆಟಿಕೆ ಅಂದಾಗ ಬೇಕೊ ನೆನಪಾಯಿತು. ಲಿವರ್‌ಪೂಲಿನಲ್ಲಿ ಮಾಡುತ್ತಿದ್ದದ್ದು, ಬೇಕಲೈಟ್ ಅನ್ನೋ ಹಳೇ ಪ್ಲಾಸ್ಟಿಕ್ಕಿನದು. ತೂತಿರುವ ತಟ್ಟೆಯಲ್ಲಿ ತಂತಿಗಳನ್ನು ನೆಟ್ಟಗೆ ನಿಲ್ಲಿಸಿ, ನಡುವೆ ಇಟ್ಟಿಗೆ ಹಲಗೆಗಳನ್ನು ಮೇಲಿಂದ ಜಾರಿಸುವುದು. ನಮ್ಮ ಹಳೇ ಅಂಗಡಿಗಳ ಹಲಗೆ ಬಾಗಿಲು ಜೋಡಿಸಿದ ಹಾಗೆಯೇ. ಇಂಗ್ಲಿಷ್ ಊರಾಚೆ ಬಡಾವಣೆಯ ಮನೆ ಬಿಟ್ಟು ಬೇರೇನೂ ಕಟ್ಟೋಕಾಗಲ್ಲ, ಆದರೆ ಆ ಮನೆ ಮಾತ್ರ ಅದರಲ್ಲಿ ತುಂಬಾ ಚಂದ ಬರ್ತದೆ. ತಂತಿ ಮೊನೆ ಕಣ್ಣಿಗೆ ತಾಗಿದರೆ ಕಷ್ಟ, ಮಕ್ಕಳ ಕೈಗೆ ಕೊಡುವ ಸಾಮಾನಲ್ಲ.

ಕೆಂಪುಹೆಂಚು, ಬೆಂಗಳೂರು

ಎಲ್ಲರಿಗೂ ಥ್ಯಾಂಕ್ಸ್. ಗಾಜಿನ ಮೇಜಿನ ಪರೀಕ್ಷೆ ಆಯಿತು. ಸೊಟ್ಟಗಿರೋದು ಒಂದು ಡಬ್ಬಿ ತುಂಬ ಬಂತು. ಟೊಳ್ಳು ಬ್ರಿಕ್ ಕೂಡ ಕೆಲವು ಸಿಕ್ಕಿವೆ, ಸೀಳು ಯಾವುದರಲ್ಲೂ ಇಲ್ಲ. ಅವೆರಡನ್ನೂ ಕಟ್ಟಲ್ಲ ಹಳೇಪೆಟ್ಟಿಗೆ ಸರ್, ಎತ್ತಿಟ್ಟಿದ್ದೀನಿ. ಉಳಿದ ಎಬಿಎಸ್ ತೊಳೀಬೇಕು. ಬಿಳಿಯಲ್ಲಿ ಅರ್ಧಕ್ಕರ್ಧ ಹಳದಿಗೆ ತಿರುಗಿದೆ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸಿ ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತಂತೆ, ಯಾರಾದರೂ ಮಾಡಿದ್ದೀರಾ?

ಹಳೇಪೆಟ್ಟಿಗೆ, ಮೈಸೂರು

ಬೆಳ್ಳಗಾಗುತ್ತದೆ, ನಿಜ. ಕೈಗೆ ಗ್ಲೌಸ್ ಹಾಕದೆ ಮುಟ್ಟಬೇಡಿ. ಆದರೆ ಒಳಗಿನ ಪ್ಲಾಸ್ಟಿಕ್ ಹೊಸದಾಗಲ್ಲ, ಕೆಲವು ವರ್ಷಕ್ಕೆ ಮತ್ತೆ ಹಳದಿಗೆ ತಿರುಗಬಹುದು. ನಾನಾದರೆ ಎದುರಿಗೆ ಕಾಣೋ ಕಂಬಕ್ಕೆ ಬೇಕಾದಷ್ಟು ಮಾತ್ರ ಮಾಡ್ತೀನಿ.

ತೊಳೆಯೋಕೆ ಉಗುರು ಬೆಚ್ಚಗಿನ ನೀರು, 40 ಡಿಗ್ರಿ ದಾಟಬಾರದು. ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಹಳೇ ಟೂತ್‌ಬ್ರಷ್. ವಾಷಿಂಗ್ ಮಷೀನ್ ಹೆಸರೂ ಎತ್ತಬೇಡಿ. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಸ್ಟಡ್ಡಿನ ಸುತ್ತ ಬಿಳಿ ಕಲೆ ಕೂರುತ್ತದೆ. ಕೊನೇ ಸಲಕ್ಕೆ ಫಿಲ್ಟರ್ ನೀರಿನಲ್ಲಿ ಅದ್ದಿ, ಹಳೇ ಪಂಚೆ ಮೇಲೆ ನೆರಳಲ್ಲಿ ಹರಡಿ, ತಳ ಮೇಲಾಗಿ. ಕೊಳವೆ ಒಳಗೆ ನೀರು ನಿಂತಿರುತ್ತದೆ, ಆಗಾಗ ಕೊಡವಿ.

ಅಳತೆಪಟ್ಟಿ, ಧಾರವಾಡ

ಹಳದಿಗೆ ತಿರುಗಿದ ಬಿಳಿಯನ್ನು ನಾನು ಮುಟ್ಟೋದೇ ಇಲ್ಲ. ಹೊಸ ಬಿಳಿ ಕಣ್ಣಿಗೆ ಹೊಡೆಯುತ್ತದೆ, ಆ ಕಾಲದ ಮನೆಗೆ ಸುಣ್ಣ ಹೊಡೆದು ನಾಲ್ಕು ಮಳೆಗಾಲ ಕಳೆದ ಬಣ್ಣವೇ ಬೇಕು. ಕೆಳಗಿನ ಸಾಲುಗಳಿಗೆ ಜಾಸ್ತಿ ಹಳದಿಯದ್ದು, ಮೇಲೆ ಹೋದಂತೆ ಬೆಳ್ಳಗಿನದ್ದು ಹಾಕಿ.

ಪಾಯಕ್ಕೆ ಬೂದು ಹಾಕ್ತೀರಲ್ಲ? 2004ರ ಸುಮಾರಿಗೆ ಲೆಗೊ ಬೂದು ಬಣ್ಣವನ್ನೇ ಬದಲಿಸಿತು. ಹಳೇದು ಸ್ವಲ್ಪ ಮಣ್ಣು ಬಣ್ಣಕ್ಕೆ, ಹೊಸದು ನೀಲಿಗೆ. ಒಂದೇ ಗೋಡೆಯಲ್ಲಿ ಎರಡೂ ಬಂದರೆ ಎಲ್ಲರೂ ಗೊಣಗುತ್ತಾರೆ. ಆದರೆ ಸೈಜುಗಲ್ಲಿನ ಪಾಯಕ್ಕೆ ಬೇಕೆಂದೇ ಕಲಸಿ ಹಾಕಿ. ಯಾವ ಪಾಯದಲ್ಲಿ ಎಲ್ಲ ಕಲ್ಲೂ ಒಂದೇ ಬಣ್ಣ ಇರುತ್ತೆ ಹೇಳಿ?

ಕೆಂಪುಹೆಂಚು, ಬೆಂಗಳೂರು

ಅಪ್‌ಡೇಟ್, ಫೋಟೊ ಜೊತೆಗೆ. ಮುಂಭಾಗದ ಗೋಡೆ ಎದ್ದಿದೆ, 11 ಬ್ರಿಕ್. ಹಳೇ ಕೆಂಪನ್ನು ಮುಂದಕ್ಕೆ, ಹೊಸ ಕೆಂಪನ್ನು ಹಿಂದಕ್ಕೆ ಹಾಕಿದ್ದೀನಿ. ಅಂದರೆ ಗೋಡೆ ಎರಡು ಸ್ಟಡ್ ದಪ್ಪ, ನಾಲ್ಕು ಸಾಲಿಗೊಮ್ಮೆ ಎರಡನ್ನೂ ಸೇರಿಸಿ ಹಿಡಿಯೋ ಪ್ಲೇಟ್. ಹಳೇದರ ಹಿಡಿತ ಸಡಿಲ ಇರೋ ಕಡೆ ಹೊಸದು ಹಿಡಿದುಕೊಂಡಿದೆ. ಗೋಡೆ ಸಂಜೆ ಬೆಳಕಿಗೆ ಒಂದೇ ಬಣ್ಣ ಕಾಣಲ್ಲ, ಅಲ್ಲಲ್ಲಿ ಕಿತ್ತಳೆ ಛಾಯೆ, ಅಲ್ಲಲ್ಲಿ ಕಡು. ಹೊಸ ಕೆಂಪಿನಲ್ಲಿ ಕಟ್ಟಿದ್ದ ಪಕ್ಕದ ಗೋಡೆ ಅದರ ಎದುರು ಸಪ್ಪೆ ಕಾಣ್ತು, ಅದನ್ನೂ ಬಿಚ್ಚುತ್ತಿದ್ದೀನಿ.

ತೊಂದರೆ ಈಗ ಪೀಸ್‌ಗಳದ್ದು. 33 ಡಿಗ್ರಿ ಕೆಂಪು ಮಾಡಿಗೆ ಸಾಲದು, ಹಸಿರು ಗ್ರಿಲ್ ಟೈಲ್ ನನ್ನ ಹತ್ತಿರ ಇಲ್ಲವೇ ಇಲ್ಲ. ಬಿಡಿ ಲೆಗೊ ಪೀಸ್ ಮಾರುವ ಬ್ರಿಕ್‌ಲಿಂಕ್ ಜಾಲತಾಣದಲ್ಲಿ ಹುಡುಕಿದೆ. ಒಬ್ಬ ಮಾರಾಟಗಾರ ಇಲ್ಲಿಗೆ ಕಳಿಸಲ್ಲ ಅಂದ. ಇನ್ನೊಬ್ಬನ ಹತ್ತಿರ ಪೀಸಿಗಿಂತ ಅಂಚೆ ಖರ್ಚೇ ಜಾಸ್ತಿ.

ಗುಬುಟು, ಸನಿವೇಲ್

ಅಂಚೆ ಒಂದೇ ಅಲ್ಲ. ಆಟಿಕೆ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70ಕ್ಕೆ. 2021ರ ಜನವರಿಯಿಂದ ಬಿಐಎಸ್ ಗುಣಮಟ್ಟದ ಗುರುತೂ ಕಡ್ಡಾಯ. ಅದಕ್ಕೇ ಊರಿಗೆ ಬರುವವರ ಸೂಟ್‌ಕೇಸಿಗೆ ಇಷ್ಟು ಬೇಡಿಕೆ.

ಕಡಲಮಗ, ಸುರತ್ಕಲ್

ಹಿಂದಿನ ಮಾಡು ಯಾರಿಗೂ ಕಾಣಲ್ಲ. ಅಲ್ಲಿ ಟ್ರಂಕಿನ ನೀಲಿ, ಕಪ್ಪು ಏನಿದೆಯೋ ಹಾಕಿ, ಕೆಂಪೆಲ್ಲ ಮುಂದಕ್ಕೆ ತನ್ನಿ. ಫೋಟೊ ಮುಂದಿನಿಂದ ತಾನೇ ತೆಗೆಯೋದು?

ಅಳತೆಪಟ್ಟಿ, ಧಾರವಾಡ

ಕಡಲಮಗ ಅಣ್ಣ, ನೀವು ಕಟ್ಟಡ ಗುತ್ತಿಗೆದಾರರಾ? 😄

ಹಳೇಪೆಟ್ಟಿಗೆ, ಮೈಸೂರು

ಫೋಟೊ ನೋಡಿದೆ. ಬೆರೆಸೋದು ಬೇಡ ಅನ್ನೋ ನನ್ನ ಮಾತು ಹಾಗೇ ಇದೆ. ಮುಂದಿನ ಗೋಡೆ ಚೆನ್ನಾಗಿದೆ. ಕಿಟಕಿ ಪಕ್ಕ ಮೂರನೇ ಸಾಲಿನಲ್ಲಿ ಒಂದು ಬ್ರಿಕ್ ಸ್ವಲ್ಪ ಆಚೆ ಚಾಚಿದೆ ನೋಡಿ, ಅದು ಅಸಿಟೇಟ್ ಇರಬೇಕು, ತೆಗೆದುಬಿಡಿ.

33ರ ಕೆಂಪು ಇಳಿಜಾರು ನನ್ನ ಹತ್ತಿರ ಒಂದು ಚೀಲ ಇದೆ, 80ರ ದಶಕದ್ದು. ಆ ಟೊಳ್ಳು ಬ್ರಿಕ್‌ಗಳನ್ನು ನೀವು ಹೇಗೂ ಕಟ್ಟಲ್ಲ ಅಂದಿರಿ. ಬದಲಿಗೆ ಕೊಡುವ ಮನಸ್ಸಿದ್ದರೆ ಮೆಸೇಜ್ ಮಾಡಿ, ಮುಂದಿನ ಶನಿವಾರ ಬೆಂಗಳೂರಿಗೆ ಬರುವುದಿದೆ.

ಗುಬುಟು, ಸನಿವೇಲ್

ಹಸಿರು ಗ್ರಿಲ್ ನನ್ನ ಮೇಲಿರಲಿ. ಅಮ್ಮ ಡಿಸೆಂಬರಿನಲ್ಲಿ ಮಲ್ಲೇಶ್ವರಕ್ಕೆ ಹೊರಟಿದ್ದಾರೆ. ಎಷ್ಟು ಬೇಕು ಅಂತ ಎಣಿಸಿ ಹೇಳಿ. ಎಣಿಸುವಾಗ ಪಕ್ಕದ ಕಿಟಕಿಗಳ ಮಂಕಿ ಟಾಪ್ ಮರೀಬೇಡಿ, ಮುಂದಿನವು ಮಾತ್ರ ಎಣಿಸಿರ್ತೀರಿ.